ಬೂದಿಗರ ಕೊರಳಪಟ್ಟಿ

ಬೆಳಿಗ್ಗೆ ಒಂಬತ್ತಕ್ಕೆ ಹೊಲಿಗೆ ಕೋಣೆಯ ಬಾಗಿಲು ತೆರೆದಾಗ ಕತ್ತರಿಸುವ ಮೇಜಿನ ಮೇಲೆ ಬಟ್ಟೆ ಇರಲಿಲ್ಲ, ಒಂದು ಚಿತ್ರ ಇತ್ತು. ಮೇಜಿನಗಲಕ್ಕೆ ಹಿಗ್ಗಿಸಿ ಮುದ್ರಿಸಿದ ಚಿತ್ರ. ಅದರಲ್ಲಿ ಬೂದು ಬಣ್ಣದ, ಮನುಷ್ಯನಂತೆ ಎರಡು ಕಾಲಿನ ಒಂದು ಜೀವಿ ನೀರು ಕುಡಿಯಲು ಬಗ್ಗಿತ್ತು. ಬಗ್ಗಿದ ರಭಸಕ್ಕೆ ಕತ್ತಿನ ಚರ್ಮ ಮಡಚಿಕೊಂಡು ಒಳಗಿನಿಂದ ಹೆಬ್ಬೆರಳಗಲದ ನೀಲಿ ಪಟ್ಟಿಯೊಂದು ಇಣುಕುತ್ತಿತ್ತು. ಪಟ್ಟಿಯ ಸುತ್ತ ಯಾರೋ ಕೆಂಪು ಗೆರೆ ಎಳೆದಿದ್ದರು. ಕೆಳಗೆ ಮೂಲೆಯಲ್ಲಿ ಒಂದು ಹೆಸರು: ಭೂತಗನ್ನಡಿ.

ಅಲ್ಲಿ ಹೊಲಿಯುವ ಅಳತೆ ಅಕ್ಕ ಮೇಜಿನ ಮುಂದೆಯೇ ನಿಂತುಬಿಟ್ಟಳು. ಆ ಕೆಂಪು ಗೆರೆ ಎಳೆದ ಕೈ ಯಾರದೆಂದು ಅವಳಿಗೆ ಗೊತ್ತಿತ್ತು. ನೀಲಿ ಪಟ್ಟಿ ಹೊಲಿದ ಕೈ ಯಾರದೆಂದೂ ಗೊತ್ತಿತ್ತು. ಮೊದಲನೆಯದು ಅವಳ ತಮ್ಮನದು. ಎರಡನೆಯದು ಅವಳದೇ.

ಅವಳಿಗೆ ಅಳತೆ ಅಕ್ಕ ಎಂಬ ಹೆಸರು ಬಂದದ್ದು ಒಂದೇ ತೋಳನ್ನು ಮೂರು ಸಲ ಅಳೆಯುವ ಚಾಳಿಯಿಂದ. ಮೂರು ಸಲವೂ ಒಂದೇ ಅಳತೆ ಬಂದರೆ ಸಮಾಧಾನವಾಗುವುದರ ಬದಲು ಟೇಪೇ ಸರಿಯಿಲ್ಲವೇನೋ ಎಂದು ಪಕ್ಕದವರ ಟೇಪು ಕೇಳುತ್ತಿದ್ದಳು. ಸಂಜೆಯ ತರಗತಿಯಲ್ಲಿ ಹೊಲಿಗೆ ಕಲಿತು, ಆರು ವರ್ಷ ಒಂದು ಮೆಟ್ಟಿಲಿನ ಕೆಳಗಿನ ಗೂಡಿನಲ್ಲಿ ಪ್ಯಾಂಟಿನ ಅಂಚು ಮಡಚಿ, ಆಮೇಲೆ ಈ ಸ್ಟುಡಿಯೋ ಸೇರಿ ಹನ್ನೊಂದು ವರ್ಷವಾಗಿತ್ತು. ಈ ಕೆಲಸ ಯಾರದೋ ತಪ್ಪಿನಿಂದ ತನಗೆ ಸಿಕ್ಕಿದೆ, ಒಂದು ದಿನ ಅವರಿಗೆ ಅದು ಗೊತ್ತಾಗುತ್ತದೆ ಎಂಬ ಭಯ ಹನ್ನೊಂದು ವರ್ಷವೂ ಅವಳನ್ನು ಬಿಟ್ಟಿರಲಿಲ್ಲ.

"ಎಲ್ಲರೂ ಬಂದ್ರಾ?" ಎಂದು ಬಾಗಿಲಲ್ಲಿ ನಿಂತ ಮ್ಯಾನೇಜರ್ ಕೇಳಿದರು. ದನಿ ಏರಿಸುವ ಮನುಷ್ಯ ಅಲ್ಲ. ಸಿಟ್ಟು ಬಂದಷ್ಟೂ ಅವರ ಮಾತು ಮೆತ್ತಗಾಗುತ್ತಿತ್ತು. ಅಂದು ಅವರ ಮಾತು ಕೇಳಿಸಲು ಎಲ್ಲರೂ ಯಂತ್ರ ನಿಲ್ಲಿಸಬೇಕಾಯಿತು. "ಈ ಚಿತ್ರ ಹೋದ ವಾರದಿಂದ ನಾಲ್ಕು ಸಾವಿರ ಜನರ ಕೈಲಿ ಓಡಾಡ್ತಿದೆ. ಯಾವನೋ ಭೂತಗನ್ನಡಿಯಂತೆ. ಬೂದಿಗರು ಎಲ್ಲಿಂದ ಬಂದ್ರು ಅಂತ ಕಂಡುಹಿಡಿದಿದ್ದಾನಂತೆ. ಅವನು ಹೇಳೋದು ನಿಜವೋ ಸುಳ್ಳೋ ಅಂತ ನನ್ನ ಕೇಳ್ಬೇಡಿ. ಈ ಪಟ್ಟಿ ಆ ಕತ್ತಿನೊಳಗೆ ಹೇಗೆ ಹೋಯ್ತು, ಯಾರು ಇಟ್ರು, ಯಾರಿಗೆ ಹೇಳಿದ್ರು, ಅಷ್ಟು ನಂಗೆ ಬೇಕು. ನಾಲ್ಕು ಗಂಟೆವರೆಗೆ ಮೇಲೆ ನನ್ನ ಕೋಣೇಲಿ ಇರ್ತೀನಿ. ನೀವೆಲ್ಲ ರುಜು ಮಾಡಿದ ಕಾಗದದಲ್ಲಿ ಏನಿದೆ ಅಂತ ನೆನಪಿದೆ ತಾನೆ?"

ನೆನಪಿಲ್ಲದೆ ಏನು? ಒಳಗಿನ ಮಾತು ಹೊರಗೆ ಹೋದರೆ ಅದೇ ದಿನ ಕೆಲಸ ಹೋಗುತ್ತದೆ ಎಂದು ಅದರಲ್ಲಿತ್ತು. ಅಳತೆ ಅಕ್ಕ ರುಜು ಮಾಡುವ ಮುಂಚೆ ಅದನ್ನೂ ಮೂರು ಸಲ ಓದಿದ್ದಳು.

ಆ ಸ್ಟುಡಿಯೋದಲ್ಲಿ ಐದು ವರ್ಷದಿಂದ ಒಂದು ಧಾರಾವಾಹಿ ತಯಾರಾಗುತ್ತಿತ್ತು. ಬೂದಿಯೇ ನೆಲವಾಗಿರುವ ಒಂದು ದೂರದ ಚಂದ್ರ. ಅಲ್ಲಿಗೆ ಹೋದ ಮೊದಲ ನೌಕೆ ನಲವತ್ತು ಜನರ ಸಮೇತ ಕಾಣೆಯಾಗಿದೆ. ನೂರಾರು ವರ್ಷ ಕಳೆದು ಅದನ್ನು ಹುಡುಕಿಕೊಂಡು ಎರಡನೇ ನೌಕೆ ಬಂದಿಳಿದಾಗ ಎದುರಾಗುವವರು ಬೂದಿಗರು: ಮಾತಿಲ್ಲ, ಮುಖದಲ್ಲಿ ಭಾವವಿಲ್ಲ, ಬೂದಿಯಲ್ಲಿ ಹುದುಗಿ ಮಲಗುತ್ತಾರೆ. ಅವರು ಎಲ್ಲಿಯವರು? ಐದು ವರ್ಷವೂ ಕಥೆ ಅದನ್ನು ಹೇಳಿರಲಿಲ್ಲ. ಮುಂದಿನ ವಾರ ಚಿತ್ರೀಕರಣವಾಗುವ ಕೊನೆಯ ಕಂತಿನಲ್ಲಿ ಹೇಳಲಿತ್ತು. ಆ ಕಂತಿನ ಕಾಗದ ನೋಡಿದವರು ಕಟ್ಟಡದಲ್ಲಿ ಆರೇ ಜನ. ಹೊಲಿಗೆ ಕೋಣೆಯವರಿಗೆ ಬಂದದ್ದು ಇಷ್ಟು ವೇಷ ಬೇಕು, ಇಂಥ ಅಳತೆ ಎಂಬ ಚೀಟಿ ಮಾತ್ರ.

ಕಥೆ ಹೇಳದಿದ್ದುದನ್ನು ನೋಡುಗರು ತಾವೇ ಹೇಳಿಕೊಳ್ಳತೊಡಗಿದ್ದರು. ಅದರಲ್ಲೂ ಪಕ್ಷಗಳಾಗಿದ್ದವು. ಬೂದಿಗರು ಆ ನೆಲದ ಶಿಲೀಂಧ್ರದಿಂದ ಎದ್ದವರು ಎನ್ನುವವರು ಅಣಬೆ ಪಕ್ಷ. ಅಲ್ಲಿನ ಗಣಿಯ ಯಂತ್ರಗಳು ಕೆಟ್ಟುಹೋಗಿ ತಾವಾಗಿ ಸೃಷ್ಟಿಸಿದ ಕೂಲಿಗಳು ಎನ್ನುವವರು ಯಂತ್ರ ಪಕ್ಷ. ಕಾಣೆಯಾದ ಆ ನಲವತ್ತು ಜನರ ಮರಿಮಕ್ಕಳೇ ಇವರು ಎನ್ನುವುದು ವಂಶ ಪಕ್ಷ. ತೀರ ಚಿಕ್ಕದು, ಎಲ್ಲರ ಲೇವಡಿಗೂ ಪಕ್ಕಾದದ್ದು. ಭೂತಗನ್ನಡಿ ಆ ಪಕ್ಷದ ಮುಖಂಡ.

ಅಳತೆ ಅಕ್ಕನ ತಮ್ಮ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನು. ಕೂದಲೆಳೆಯಷ್ಟು ಗೀರಿದ್ದರೂ ಅವನ ಕಣ್ಣಿಗೆ ಬೀಳುತ್ತಿತ್ತು, ಭೂತಗನ್ನಡಿ ಎಂಬ ಹೆಸರು ಇಟ್ಟುಕೊಂಡದ್ದೂ ಅದಕ್ಕೇ. ಅಕ್ಕ ಆ ಸ್ಟುಡಿಯೋದಲ್ಲೇ ಕೆಲಸ ಮಾಡುತ್ತಾಳೆಂದು ತನ್ನ ಗುಂಪಿನ ಒಬ್ಬರಿಗೂ ಅವನು ಹೇಳಿರಲಿಲ್ಲ. ಮನೆಯಲ್ಲಿರುವವರು ಇಬ್ಬರೇ, ಇಬ್ಬರ ನಡುವೆ ಒಂದು ಒಪ್ಪಂದವಿತ್ತು: ಅವನು ಕೇಳಬಾರದು, ಅವಳು ಹೇಳಬಾರದು. "ಅಕ್ಕನ್ನ ಕೇಳಿ ಗೆದ್ರೆ ಅದು ಕಾಪಿ ಹೊಡೆದಂಗೆ," ಎನ್ನುತ್ತಿದ್ದ.

ಎರಡು ವಾರದ ಹಿಂದೆ, ರಜೆಯ ದಿನ, ಆ ಚಿತ್ರವನ್ನು ಅವನು ಊಟದ ಮೇಜಿನ ಮೇಲೆ ಹರಡಿದ್ದ.

"ಎರಡನೇ ವರ್ಷ, ಆರನೇ ಕಂತು, ಹದಿನಾಲ್ಕನೇ ನಿಮಿಷ. ಮೂರು ವರ್ಷದಿಂದ ಎಲ್ರೂ ನೋಡಿದಾರೆ, ಒಬ್ರಿಗೂ ಕಂಡಿಲ್ಲ. ಈ ನೀಲಿ ಮೊದಲ ನೌಕೆಯವರ ಸಮವಸ್ತ್ರದ ನೀಲಿ. ಮೂರು ಸಾಲು ಹೊಲಿಗೆ, ನೋಡು, ಅದೇ ಅಂತರ. ಅಂದ್ರೆ ಏನು? ಮುತ್ತಜ್ಜನ ಅಂಗಿಯ ಪಟ್ಟಿಯನ್ನ ಕತ್ತಿನ ಚರ್ಮದೊಳಗೆ ಬಚ್ಚಿಟ್ಕೊಂಡಿದಾರೆ. ಮಾತು ಮರೆತಿದಾರೆ, ಮುಖ ಮರೆತಿದಾರೆ, ಇದೊಂದನ್ನ ಮಾತ್ರ ಬಿಟ್ಟಿಲ್ಲ. ಅಕ್ಕಾ, ನೀನು ಏನೂ ಹೇಳ್ಬೇಡ. ಆದ್ರೆ ಇಷ್ಟು ಸಮವಾಗಿ ಮೂರು ಸಾಲು ಹಾಕ್ಬೇಕಾದ್ರೆ ಅದು ಸುಮ್ನೆ ಆದದ್ದಲ್ಲ. ಇದನ್ನ ಹೊಲಿದೋರು ತುಂಬ ದೊಡ್ಡ ತಲೆ."

ಅಕ್ಕ ಲೋಟ ಕೆಳಗಿಟ್ಟಳು. ದೊಡ್ಡ ತಲೆಯವಳು ಎದ್ದು ಪಾತ್ರೆ ತೊಳೆಯಲು ಹೋದಳು.

ಆ ಪಟ್ಟಿ ಹೊಲಿದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಮೂರನೇ ಬೂದಿಗನ ವೇಷ ತೊಟ್ಟ ನಟನ ಕತ್ತಿಗೆ ರಬ್ಬರಿನ ಅಂಚು ಉಜ್ಜಿ ಉಜ್ಜಿ ಚರ್ಮ ಕೆಂಪಗೆ ಸುಲಿದಿತ್ತು. ಅವನು ಕತ್ತು ತಿರುಗಿಸಲಾರ. ದೀಪಗಳು ಉರಿಯುತ್ತಿವೆ, ಮೂವತ್ತು ಜನ ಕಾಯುತ್ತಿದ್ದಾರೆ. ಒಳಗೆ ಮೆತ್ತನೆಯ ಬಟ್ಟೆಯೊಂದನ್ನು ಹೊಲಿಯಬೇಕು, ಕಪ್ಪು ಬಟ್ಟೆ ಖಾಲಿ. ಅವಳ ಡ್ರಾಯರಿನಲ್ಲಿ ಒಂದು ತುಂಡು ಇತ್ತು. ಮೊದಲ ನೌಕೆಯ ಸಮವಸ್ತ್ರಕ್ಕೆಂದು ಅವಳೇ ಹೊಲಿದಿದ್ದ ಮಾದರಿ ಪಟ್ಟಿ. ಅಗಲ ಅರ್ಧ ಬೆರಳು ಹೆಚ್ಚಾಗಿ ತಿರಸ್ಕೃತವಾದದ್ದು. ತಿರಸ್ಕೃತ ತುಂಡನ್ನು ಅಡ್ಡಡ್ಡ ಕತ್ತರಿಸಿ ಚಿಂದಿ ಚೀಲಕ್ಕೆ ಹಾಕಬೇಕೆಂಬುದು ಆ ಕೋಣೆಯ ಕಟ್ಟುನಿಟ್ಟಿನ ನಿಯಮ, ಗೊತ್ತಿಲ್ಲದೆ ಅದು ಕ್ಯಾಮೆರಾದ ಮುಂದೆ ಹೋಗಬಾರದೆಂದು. ಅವಳು ಕತ್ತರಿಸಿರಲಿಲ್ಲ. ಅದನ್ನು ಆ ನಟನ ಕತ್ತಿನೊಳಗೆ ಹತ್ತು ನಿಮಿಷದಲ್ಲಿ ಹೊಲಿದುಬಿಟ್ಟಳು. ಚರ್ಮದ ಒಳಗಿನದು ಯಾರಿಗೆ ಕಾಣುತ್ತದೆ?

ತಮ್ಮನಿಗೆ ಅಂದೇ ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಒಂದು ಕಡೆ ರುಜು ಮಾಡಿದ ಕಾಗದ, ಇನ್ನೊಂದು ಕಡೆ ನಾಚಿಕೆ. ಎರಡೂ ಸೇರಿ ಬಾಯಿಗೆ ಬೀಗ ಹಾಕಿದ್ದವು. ಅಷ್ಟರಲ್ಲಿ ಅವನು ಚಿತ್ರವನ್ನು ಗುಂಪಿಗೆ ಹಾಕಿದ. ವಂಶ ಪಕ್ಷಕ್ಕೆ ರಾತ್ರೋರಾತ್ರಿ ಜನ ಸೇರಿದರು. ಬರುವ ಭಾನುವಾರ ಮೂರೂ ಪಕ್ಷದವರು ಒಂದು ಸಭಾಂಗಣದಲ್ಲಿ ಸೇರುವುದೆಂದೂ, ಭೂತಗನ್ನಡಿ ವೇದಿಕೆಯ ಮೇಲೆ ಮಾತಾಡುವುದೆಂದೂ ನಿಗದಿಯಾಗಿತ್ತು. ಇಷ್ಟು ವರ್ಷದಲ್ಲಿ ತಮ್ಮ ವೇದಿಕೆ ಹತ್ತಿದ್ದು ಎಂಬುದೇ ಇರಲಿಲ್ಲ. ಅದಕ್ಕೆಂದು ಹೊಸ ಅಂಗಿ ಹೊಲಿಸಿಕೊಂಡಿದ್ದ, ಅಕ್ಕನ ಕೈಯಲ್ಲೇ.

ಊಟದ ಹೊತ್ತಿಗೆ ಕತ್ತರಿ ಮಾಸ್ಟರು ಹಳೆಯ ರಿಜಿಸ್ಟರನ್ನು ಹಿಡಿದುಕೊಂಡು ಅವಳ ಯಂತ್ರದ ಪಕ್ಕ ಕೂತರು. ಆ ಕೋಣೆಯ ಹಿರಿಯರು ಅವರು. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಕಣ್ಣು ಮುಚ್ಚಿ ಒಂದು ಉಸಿರು ಎಳೆಯುವ ಮನುಷ್ಯ.

"ಸಿಕ್ತು ನೋಡಮ್ಮ," ಎಂದರು. "ಮೂರನೇ ಬೂದಿಗ, ಕತ್ತಿನ ರಿಪೇರಿ. ರುಜು ನಂದು."

"ಮಾಸ್ಟರೇ, ನೀವು ವಾರದ ಕೊನೇಲಿ ಎಲ್ಲದಕ್ಕೂ ಒಟ್ಟಿಗೇ ರುಜು ಹಾಕ್ತೀರ."

"ಹೂಂ, ಹಾಕ್ತೀನಿ. ಏನು ಮಾಡಿದ್ದೆ ಅಂತ ನೆನಪಿಲ್ಲ. ಆದ್ರೂ ರುಜು ನಂದು ಅಂದ್ಮೇಲೆ ತಲೇನೂ ನಂದೇ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮೂರೂವರೆಗೆ ಮೇಲೆ ಹೋಗಿ ಹೇಳ್ಬಿಡ್ತೀನಿ. ನೀನ್ಯಾಕೆ ಬಿಳಿಚಿಕೊಂಡೆ? ನಿನ್ನನ್ನ ಯಾರೂ ಏನೂ ಅಂದಿಲ್ವಲ್ಲ. ಊಟ ಮಾಡು."

ಅವಳು ಡಬ್ಬಿಯ ಮುಚ್ಚಳ ತೆಗೆದಳು, ಮತ್ತೆ ಮುಚ್ಚಿದಳು. ಗಡಿಯಾರದಲ್ಲಿ ಒಂದೂವರೆ. ಸುಮ್ಮನಿದ್ದರೆ ಆಯಿತು. ಎರಡು ಗಂಟೆ ಸುಮ್ಮನಿರುವುದು ಎಷ್ಟರ ಮಾತು? ಆಮೇಲೆ ಈ ಮನುಷ್ಯ ತನ್ನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗೇಟು ದಾಟಿ ಹೋಗುತ್ತಾರೆ, ತಾನು ಇದೇ ಕುರ್ಚಿಯಲ್ಲಿ ಕೂತು ಅದನ್ನು ನೋಡುತ್ತಾಳೆ. ಸೂಜಿಗೆ ದಾರ ಪೋಣಿಸಲು ಹೋದಳು. ನಾಲ್ಕು ಸಲ ತಪ್ಪಿತು. ಐದನೆಯ ಸಲಕ್ಕೆ ಸೂಜಿಯನ್ನು ಸೂಜಿಮೆತ್ತೆಗೆ ಚುಚ್ಚಿ ಎದ್ದಳು.

"ಎಲ್ಲಿಗಮ್ಮ?"

"ಮೇಲಕ್ಕೆ. ನೀವು ಬರ್ಬೇಡಿ ಮಾಸ್ಟರೇ. ಅದು ನನ್ನ ಹೊಲಿಗೆ."

ಮ್ಯಾನೇಜರರ ಕೋಣೆಯಲ್ಲಿ ಇಬ್ಬರಿದ್ದರು. ಮೇಜಿನ ಹಿಂದೆ ಮ್ಯಾನೇಜರ್. ಕಿಟಕಿಯ ಹತ್ತಿರ, ಹೊರಗೆ ನೋಡುತ್ತ, ಧಾರಾವಾಹಿ ಬರೆಯುವ ಹೆಂಗಸು. ಕೆಳಗಿನವರೆಲ್ಲ ಅವರನ್ನು ಕಥೆ ಮೇಡಂ ಎನ್ನುತ್ತಿದ್ದರು. ಮೇಜಿನ ಮೇಲೆ ಮೂರನೇ ಬೂದಿಗನ ವೇಷ ಅಂಗಾತ ಬಿದ್ದಿತ್ತು. ಕತ್ತನ್ನು ಒಳಮಗ್ಗುಲು ಹೊರಗೆ ಬರುವಂತೆ ಮಗುಚಿದ್ದರು. ನೀಲಿ ಪಟ್ಟಿ ಬೆವರಿಗೆ ಮಾಸಿತ್ತು. ಮೂರು ಸಾಲು ಮಾತ್ರ ಹಾಗೆಯೇ ನೆಟ್ಟಗಿದ್ದವು.

ಅವಳು ನಿಂತೇ ಹೇಳಿದಳು. ನಟನ ಕತ್ತು, ಖಾಲಿಯಾದ ಕಪ್ಪು ಬಟ್ಟೆ, ಕತ್ತರಿಸದೆ ಉಳಿಸಿಕೊಂಡ ತುಂಡು. ಏನನ್ನೂ ಬಿಡಲಿಲ್ಲ. ನಡುವೆ ಒಂದು ಸಲ ದಿನಾಂಕ ತಪ್ಪಾಯಿತೆಂದು ಹಿಂದೆ ಹೋಗಿ ಸರಿಪಡಿಸಿದಳು.

"ಸರಿ," ಎಂದರು ಮ್ಯಾನೇಜರ್. "ಗಡಿಬಿಡೀಲಿ ಹಾಕಿದ ಚಿಂದಿ. ನಂಬ್ತೀನಿ ಅಂತಿಟ್ಕೊಳ್ಳಿ. ಆ ಚಿಂದಿ ನೋಡಿ ನಮ್ಮ ಕೊನೇ ಕಂತನ್ನ ಅಕ್ಷರಶಃ ಹೇಳಿದಾನಲ್ಲ, ಅವನ್ಯಾರು? ಗೊತ್ತಾ?"

ಕೊನೇ ಕಂತನ್ನ ಅಕ್ಷರಶಃ. ಮಾತು ಹೊರಬಿದ್ದ ಮೇಲೆ ಮ್ಯಾನೇಜರ್ ತುಟಿ ಕಚ್ಚಿಕೊಂಡರು. ಅಳತೆ ಅಕ್ಕ ಮೇಜಿನ ಮೇಲಿನ ಪಟ್ಟಿಯನ್ನು ನೋಡಿದಳು. ಹಾಗಾದರೆ ತಮ್ಮ ಹೇಳಿದ್ದು ನಿಜ. ಇಷ್ಟು ಹೊತ್ತೂ ಅವಳಿಗೆ ಒಂದು ಗುಟ್ಟೂ ಗೊತ್ತಿರಲಿಲ್ಲ. ಗುಟ್ಟು ಬಿಟ್ಟುಕೊಟ್ಟಿಲ್ಲ ಎಂದು ಹೇಳಲು ಬಂದ ಕಡೆಯಲ್ಲೇ ಗುಟ್ಟು ಅವಳ ಮಡಿಲಿಗೆ ಬಿತ್ತು.

"ಕೇಳಿದ್ದು ಗೊತ್ತಾಯ್ತಾ? ಭೂತಗನ್ನಡಿ ಯಾರು?"

ಗೊತ್ತಿಲ್ಲ ಎನ್ನಬಹುದಿತ್ತು. "ನನ್ನ ತಮ್ಮ," ಎಂದಳು.

ಮ್ಯಾನೇಜರ್ ಡ್ರಾಯರ್ ಎಳೆದು ಒಂದು ಕಾಗದ ತೆಗೆದು ಅವಳತ್ತ ತಿರುಗಿಸಿ ಇಟ್ಟರು. ಅವಳದೇ ರುಜು.

"ಹೊಲಿದದ್ದು ಅಕ್ಕ. ಕಂಡುಹಿಡಿದದ್ದು ತಮ್ಮ. ಕೊನೇ ಕಂತಿಗೆ ಏಳು ದಿನ ಇರೋವಾಗ. ನಡುವೆ ಮಾತೇ ಆಗಿಲ್ಲ." ಅವರ ದನಿ ಪಿಸುಮಾತಾಗಿತ್ತು. "ನನ್ನ ಜಾಗದಲ್ಲಿ ಕೂತು ನೀವೇ ಹೇಳಿ. ನಂಬ್ತೀರಾ?"

"ಇಲ್ಲ ಸರ್," ಎಂದಳು ಅಳತೆ ಅಕ್ಕ. ಅವಳಿಗೆ ನಿಜವಾಗಿಯೂ ಹಾಗನ್ನಿಸಿತು. "ಆದ್ರೂ ನಾನು ಹೇಳಿಲ್ಲ. ನಂಗೆ ಗೊತ್ತೇ ಇರ್ಲಿಲ್ಲ."

"ಅವರಿಗೆ ಗೊತ್ತಿರೋದು ಸಾಧ್ಯವಿಲ್ಲ," ಎಂಬ ಮಾತು ಕಿಟಕಿಯ ಕಡೆಯಿಂದ ಬಂತು.

ಕಥೆ ಮೇಡಂ ತಿರುಗಿರಲಿಲ್ಲ. ಗಾಜಿಗೆ ಹೇಳುತ್ತಿರುವಂತೆ ಹೇಳಿದರು: "ಆ ದೃಶ್ಯ ತೆಗೆದ ದಿನ ನಾನು ಪರದೆಯ ಮುಂದೆ ಕೂತಿದ್ದೆ. ಬೂದಿಗ ಬಗ್ಗಿದ. ಕತ್ತು ಮಡಚಿತು. ನೀಲಿ ಕಂಡಿತು. ಅರೇ, ಕೆಳಗೆ ಹೊಲಿಗೆ ಕೋಣೇಲಿ ಯಾರೋ ನನಗಿಂತ ಮುಂದೆ ಯೋಚನೆ ಮಾಡಿದಾರೆ ಅಂದ್ಕೊಂಡೆ. ಮನೆಗೆ ಹೋಗಿ ಬರೆದೆ. ಕೊನೆ ಕಂತು ಹುಟ್ಟಿದ್ದು ಅವತ್ತು."

ಮ್ಯಾನೇಜರ್ ಪೆನ್ನು ಕೆಳಗಿಟ್ಟರು. "ಅವತ್ತು? ಎರಡನೇ ವರ್ಷ? ಮೊದಲ ದಿನಾನೇ ಕೊನೇವರೆಗೂ ಎಲ್ಲ ಯೋಚಿಸಿದೀನಿ ಅಂದಿದ್ರಿ ನೀವು!"

"ಅಂದಿದ್ದೆ."

"ಹಣ ಹಾಕೋರ ಮುಂದೆ ಎದೆ ತಟ್ಕೊಂಡು ಹೇಳಿದ್ರಿ!"

"ಇನ್ನೇನು, ಬೂದಿಗರು ಎಲ್ಲಿಯವರು ಅಂತ ನಂಗೂ ಗೊತ್ತಿಲ್ಲ ಅನ್ಲಾ?" ಈಗ ಅವರು ತಿರುಗಿದರು. ಮುಖ ಕೆಂಪಗಾಗಿತ್ತು. "ಇವರ ತಮ್ಮ ನೋಡಿದ್ದೂ ಅದೇ ಪಟ್ಟಿ, ನಾನು ನೋಡಿದ್ದೂ ಅದೇ ಪಟ್ಟಿ. ಇಬ್ಬರಿಗೂ ಅದೇ ಹೊಳೀತು. ಯಾರೂ ಯಾರಿಗೂ ಹೇಳಿಲ್ಲ." ಆಮೇಲೆ ಅಳತೆ ಅಕ್ಕನತ್ತ, ಬೇರೆಯೇ ದನಿಯಲ್ಲಿ: "ಒಂದು ಕೇಳ್ತೀನಿ. ಆ ತುಂಡನ್ನ ಯಾಕೆ ಕತ್ತರಿಸ್ಲಿಲ್ಲ?"

"ಅದು ತಪ್ಪಾಗಿತ್ತು ಮೇಡಂ. ಅರ್ಧ ಬೆರಳು. ದಿನಾ ಕಣ್ಣಿಗೆ ಬೀಳ್ತಿದ್ರೆ ಇನ್ನೊಂದು ಸಲ ತಪ್ಪು ಮಾಡಲ್ಲ ಅಂತ ಇಟ್ಕೊಂಡಿದ್ದೆ."

ಕಥೆ ಮೇಡಂ ನಗಲು ಹೋಗಿ ನಗಲಿಲ್ಲ.

ಮ್ಯಾನೇಜರ್ ಕಾಗದವನ್ನು ತಮ್ಮತ್ತ ಎಳೆದುಕೊಂಡರು, ಹರಿಯಲಿಲ್ಲ, ಡ್ರಾಯರಿಗೂ ಹಾಕಲಿಲ್ಲ. "ಯಾರೂ ಹೇಳಿಲ್ಲ. ಒಪ್ಪಿದೆ. ಆದ್ರೂ ಭಾನುವಾರ ನಿಮ್ಮ ತಮ್ಮ ವೇದಿಕೆ ಹತ್ತಿ ಇದನ್ನೇ ಹೇಳಿದ್ರೆ, ಕೊನೇ ಕಂತು ಯಾರು ನೋಡ್ತಾರೆ? ನೀವು ಒಂದು ಕೆಲಸ ಮಾಡಿ. ಸುಳ್ಳು ಹೇಳೋದೇನೂ ಬೇಡ. ಈಗ ನಮ್ಮ ಮುಂದೆ ಹೇಳಿದ್ದನ್ನೇ ಅವರಿಗೆ ಹೇಳಿ. ಅವಸರಕ್ಕೆ ಹಾಕಿದ ತುಂಡು, ಅದಕ್ಕೆ ಅರ್ಥ ಗಿರ್ಥ ಇಲ್ಲ. ಅವರ ವಾದ ಅವರೇ ವಾಪಸ್ ತಗೊಳ್ಳಲಿ. ಸಂಜೆ ಎಂಟರೊಳಗೆ. ಈ ಕೋಣೇಲಿ ಕೇಳಿದ್ದರಲ್ಲಿ ಒಂದಕ್ಷರ ಅವರ ಕಿವಿಗೆ ಬೀಳಬಾರದು. ಅಷ್ಟಾದ್ರೆ ನಾಳೆ ಕೆಲಸಕ್ಕೆ ಬನ್ನಿ."

"ಆಗದಿದ್ರೆ ಸರ್?"

"ಬರಬೇಡಿ."

ಅವಳು ಕಥೆ ಮೇಡಂ ಕಡೆ ನೋಡಿದಳು. ಅವರು ಏನೋ ಹೇಳಲು ಬಾಯಿ ತೆರೆದು, ಮೇಜಿನ ಮೇಲಿನ ಬೂದಿಗನನ್ನು ನೋಡಿ, ಮತ್ತೆ ಕಿಟಕಿಯತ್ತ ತಿರುಗಿದರು. ಐದು ವರ್ಷದ ಕಥೆಯ ಕೊನೆ ಗುಟ್ಟಾಗಿ ಉಳಿಯುವುದು ಅವರಿಗೂ ಬೇಕಿತ್ತು.

ಬಸ್ಸಿನಲ್ಲಿ ಅವಳಿಗೆ ಕೂರಲು ಜಾಗ ಸಿಕ್ಕಿತು, ಆದರೆ ಕೂರಲಿಲ್ಲ. ಕಂಬಿ ಹಿಡಿದು ನಿಂತು ಮಾತುಗಳನ್ನು ಜೋಡಿಸಿಕೊಂಡಳು. ಆ ಪಟ್ಟಿ ನಾನು ಹಾಕಿದ್ದು. ನಿಜ. ಅವಸರದಲ್ಲಿ ಹಾಕಿದ್ದು. ನಿಜ. ಅದನ್ನು ಹಾಕುವಾಗ ನನ್ನ ತಲೆಯಲ್ಲಿ ಬೂದಿಗರೂ ಇರಲಿಲ್ಲ, ನೌಕೆಯೂ ಇರಲಿಲ್ಲ. ಅದೂ ನಿಜ. ಒಂದೊಂದನ್ನೂ ಬಿಡಿಬಿಡಿಯಾಗಿ ಅಳೆದರೆ ಸರಿಯಾಗಿಯೇ ಇತ್ತು. ಒಟ್ಟು ಸೇರಿಸಿ ತಮ್ಮನಿಗೆ ತೊಡಿಸಿದರೆ ಮಾತ್ರ ಅದು ಮೋಸದ ಅಂಗಿ. ನೀನು ಹೇಳಿದ್ದು ತಪ್ಪು ಎಂದು ಅವನು ನಂಬಬೇಕು, ಅದು ತಪ್ಪಲ್ಲವೆಂದು ಗೊತ್ತಿರುವ ತಾನು ಎದುರಿಗೆ ಕೂತು ನಂಬಿಸಬೇಕು. ಇಳಿಯುವ ನಿಲ್ದಾಣ ದಾಟಿ ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದಳು.

ಮನೆಗೆ ಬಂದಾಗ ಏಳು ಹೊಡೆಯಲು ಐದು ನಿಮಿಷ. ತಮ್ಮ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಭಾನುವಾರದ ಚಿತ್ರಗಳಿಗೆ ದಪ್ಪ ರಟ್ಟು ಅಂಟಿಸುತ್ತಿದ್ದ.

"ಬಂದ್ಯಾ? ಕೇಳಿಲ್ಲಿ. ಅಣಬೆ ಪಕ್ಷದ ಮುದುಕ ಇವತ್ತು ಏನ್ ಬರೆದಿದಾನೆ ಗೊತ್ತಾ? ಭೂತಗನ್ನಡಿಗೆ ನೀಲಿ ಕಂಡ ಕಡೆಯೆಲ್ಲ ಅಜ್ಜನ ಅಂಗಿ ಕಾಣುತ್ತೆ, ಆಕಾಶ ನೋಡಿದ್ರೆ ಏನಂತಾನೋ ಅಂತ! ಭಾನುವಾರ ಮುದುಕನಿಗೆ ಇದೆ ಹಬ್ಬ."

"ಅಂಟು ಕೆಳಗಿಡು. ಒಂದು ಮಾತು ಹೇಳ್ಬೇಕು."

"ಹೇಳು."

"ಆ ಪಟ್ಟಿ ನಾನು ಹೊಲಿದದ್ದು."

ಅವನ ಕೈ ನಿಂತಿತು. ಅವಳು ನಿಲ್ಲಿಸದೆ ಹೇಳಿದಳು, ನಿಲ್ಲಿಸಿದರೆ ಮುಂದೆ ಹೋಗುವುದಿಲ್ಲವೆಂದು ಗೊತ್ತಿತ್ತು. ಸುಲಿದ ಕತ್ತು, ಖಾಲಿಯಾದ ಬಟ್ಟೆ, ಡ್ರಾಯರಿನ ತುಂಡು. ಬಸ್ಸಿನಲ್ಲಿ ಜೋಡಿಸಿಕೊಂಡ ಸಾಲು ಒಂದೂ ತಪ್ಪಲಿಲ್ಲ. "ಅದಕ್ಕೆ ಅರ್ಥ ಅಂತ ಏನೂ ಇರ್ಲಿಲ್ಲ ಕಣೋ. ಕೈಗೆ ಸಿಕ್ಕಿದ್ದು ಹಾಕ್ದೆ, ಅಷ್ಟೇ."

ತಮ್ಮ ಚಿತ್ರವನ್ನು ಎತ್ತಿ ಹಿಡಿದ. ಮೂರು ಸಾಲುಗಳನ್ನು ನೋಡಿದ. ಅಕ್ಕನ ಕೈಯನ್ನು ನೋಡಿದ.

"ನನ್ನ ಅಂಗೀಲೂ ಇದೇ ಅಂತರ," ಎಂದ ಮೆಲ್ಲಗೆ. "ನಂಗೆ ಗೊತ್ತಾಗ್ಬೇಕಿತ್ತು. ಎಂಥ ಕಣ್ಣು ನಂದು!" ನಗಲು ನೋಡಿದ. "ಎರಡು ವಾರದಿಂದ ನಿನ್ನೆದುರಿಗೇ ಮುತ್ತಜ್ಜ, ಚರ್ಮ, ನೆನಪು ಅಂತ ಭಾಷಣ ಬಿಗೀತಿದೀನಿ. ಒಳಗೊಳಗೇ ನಕ್ಕಿರ್ತೀಯ."

"ನಕ್ಕಿಲ್ಲ. ನಾಚಿಕೆ ಆಗಿತ್ತು."

ಅದೂ ನಿಜವೇ. ಅವನು ಚಿತ್ರವನ್ನು ಮಗುಚಿ ಇಟ್ಟು ಗೋಡೆಗೆ ಒರಗಿ ಕೂತ. ಮುಗಿಯಿತು, ಇವನು ನಂಬಿದ. ಇನ್ನು ಹಾಗೆಂದು ಗುಂಪಿಗೆ ಇವನೇ ಬರೆದರೆ ಆಯಿತು.

"ಅದ್ಸರಿ," ಎಂದ ತಮ್ಮ. "ಎರಡು ವಾರ ಹೇಳದೆ ಇದ್ದೋಳು ಇವತ್ಯಾಕೆ ಹೇಳ್ತಿದೀಯ?"

ಅವಳು ಅಂಟಿನ ಡಬ್ಬಿಗೆ ಮುಚ್ಚಳ ಹಾಕಿದಳು.

"ಯಾರಾದ್ರೂ ಹೇಳು ಅಂದ್ರಾ?"

ಅವಳು ಸೆರಗಿನ ಅಂಚನ್ನು ಮಡಚಿ ಬೆರಳಿನಲ್ಲಿ ಒತ್ತತೊಡಗಿದಳು.

"ಅಕ್ಕಾ. ಟೈಮು ಏನಾದ್ರೂ ಕೊಟ್ಟಿದಾರಾ?"

ಬಾಯಿ ಬಿಗಿಹಿಡಿದಿದ್ದಳು, ಕಣ್ಣನ್ನು ಹಿಡಿಯಲಾಗಲಿಲ್ಲ. ಅದು ಗೋಡೆಯ ಗಡಿಯಾರದತ್ತ ಓಡಿ ಹೋಗಿ ಬಂತು. ಏಳೂ ಹದಿನೆಂಟು. ಕೂದಲೆಳೆಯ ಗೀರು ಹುಡುಕುವವನಿಗೆ ಅಷ್ಟು ಸಾಕಾಯಿತು.

ಅವನ ಮುಖದಲ್ಲಿ ನಿಧಾನಕ್ಕೆ ಒಂದು ಬೆಳಕು ಏರುವುದನ್ನು ಅವಳು ಕಂಡಳು. ಅರ್ಥವಿಲ್ಲದ ಚಿಂದಿಗೆ ಯಾರೂ ಗಡುವು ಕೊಡುವುದಿಲ್ಲ. ಅವನು ಎದ್ದು ನಿಂತ. ಕೂಗುವವನಂತೆ ಉಸಿರು ಎಳೆದುಕೊಂಡ. ಅಷ್ಟರಲ್ಲಿ ಅಕ್ಕನ ಮುಖ ಅವನ ಕಣ್ಣಿಗೆ ಬಿತ್ತು. ಎಳೆದುಕೊಂಡ ಉಸಿರನ್ನು ಹಾಗೆಯೇ ಬಿಟ್ಟುಬಿಟ್ಟ.

"ಫೋನ್ ಎಲ್ಲಿಟ್ಟೆ ನಾನು?" ಎಂದ.

"ನೋಡು, ನಾನೇನೂ..."

"ನೀನೇನೂ ಹೇಳಿಲ್ಲ. ನಾನೇನೂ ಕೇಳಿಲ್ಲ. ಸುಮ್ನೆ ಕೂತ್ಕೋ." ಚಾಪೆಯ ಮೇಲೆ ಕೂತು ಬರೆಯತೊಡಗಿದ, ಅಳಿಸಿದ, ಮತ್ತೆ ಬರೆದ. "ಅವಸರಕ್ಕೆ ಹಾಕಿದ ತುಂಡು ಅಂತ ಬರೀಬೇಕಾ?"

"ಹೂಂ."

"ಬರೆದ್ರೆ ನಿಂಗೆ ಯಾರು ಹೇಳಿದ್ರು ಅಂತ ಕೇಳ್ತಾರೆ. ಬೆಳಗಾಗೋದ್ರೊಳಗೆ ನಿನ್ನ ಹೆಸರು ಬೀದಿಗೆ ಬರುತ್ತೆ. ನಿಮ್ಮೋರು ಅದನ್ನ ಯೋಚ್ನೆ ಮಾಡಿಲ್ಲ."

ಅವಳೂ ಯೋಚಿಸಿರಲಿಲ್ಲ. ಇಷ್ಟು ಅಳೆದೂ ಒಂದು ಮಗ್ಗುಲು ಬಿಟ್ಟೇ ಹೋಗಿತ್ತು. "ಹಾಗಾದ್ರೆ ಏನು ಬರೀತೀಯ?"

ಅವನು ಬರೆದದ್ದನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ಶುರುಮಾಡಿದ. ಏಳೂ ಮೂವತ್ತೈದಾಯಿತು. ಏಳೂ ನಲವತ್ತಾಯಿತು. ಹೊರಗೆ ಯಾರದೋ ಸ್ಕೂಟರ್ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಕೊನೆಗೆ ಫೋನನ್ನು ಅವಳ ಕೈಗೆ ಕೊಟ್ಟ.

ಅದರಲ್ಲಿ ಹೀಗಿತ್ತು: ಎಲ್ಲರಲ್ಲೂ ಕ್ಷಮೆ ಕೇಳುತ್ತೇನೆ. ಚಿತ್ರವನ್ನು ಮತ್ತೆ ಪರೀಕ್ಷಿಸಿದೆ. ಹಿಗ್ಗಿಸುವಾಗ ಬಣ್ಣ ಕೆಟ್ಟು ಬೂದಿಯೇ ನೀಲಿಯಾಗಿ ಕಂಡಿದೆ. ಹೊಲಿಗೆ ಎಂದುಕೊಂಡದ್ದು ಚರ್ಮದ ಸುಕ್ಕು. ಪಟ್ಟಿ ಇಲ್ಲ. ತಪ್ಪು ನನ್ನ ಕಣ್ಣಿನದು. ಭಾನುವಾರ ನಾನು ಮಾತಾಡುವುದಿಲ್ಲ.

"ಬೇಡ ಕಣೋ," ಎಂದಳು. "ಕಣ್ಣಿನ ಮೇಲೆ ಹಾಕ್ಬೇಡ. ನಾಳೆ ಅಂಗಡೀಲಿ ಏನಂತಾರೆ? ಬೇರೆ ಏನಾದ್ರೂ ಬರಿ. ನಾನು ಬೇಕಾದ್ರೆ ಕೆಲಸ..."

"ಬಿಟ್ಟು? ಮತ್ತೆ ಆ ಮೆಟ್ಟಿಲ ಕೆಳಗೆ ಕೂತು ಪ್ಯಾಂಟು ಮಡಚ್ತೀಯಾ?" ಫೋನನ್ನು ಅವಳ ಕೈಯಿಂದ ಕಿತ್ತುಕೊಂಡು ಒತ್ತಿಬಿಟ್ಟ. "ಹೋಯ್ತು."

ನಿಮಿಷ ಕಳೆಯಲಿಲ್ಲ, ಫೋನು ಗುಂಯ್‌ಗುಡತೊಡಗಿತು. ತಮ್ಮ ಒಂದೊಂದನ್ನೇ ಗಟ್ಟಿಯಾಗಿ ಓದಿದ.

"ಕನ್ನಡಕದಂಗಡಿಯೋನಿಗೇ ಕನ್ನಡಕ ಬೇಕಂತೆ! ... ಭೂತಗನ್ನಡಿ ಒಡೀತು, ಭೂತ ಓಡಿಹೋಯ್ತು. ... ಅಣಬೆ ಪಕ್ಷಕ್ಕೆ ಜಯವಾಗಲಿ. ... ಇದು ಮುದುಕನದು: ಮಗೂ, ಬೇಜಾರಾಗಬೇಡ, ಭಾನುವಾರ ಬಾ, ಮುಂದಿನ ಸಾಲಲ್ಲಿ ಕೂರಿಸ್ತೀವಿ, ಅಲ್ಲಿಂದಾದ್ರೆ ಕಾಣ್ಬಹುದು." ಪ್ರತಿಯೊಂದಕ್ಕೂ ನಗುತ್ತಿದ್ದ. ಹತ್ತನೆಯದಕ್ಕೆ ನಗು ತೆಳ್ಳಗಾಯಿತು, ಹದಿನೈದನೆಯದನ್ನು ಗಟ್ಟಿಯಾಗಿ ಓದಲಿಲ್ಲ.

ಎಂಟಕ್ಕೆ ಮೂರು ನಿಮಿಷ ಇರುವಾಗ ಅಕ್ಕನ ಫೋನು ಸದ್ದು ಮಾಡಿತು. ಮ್ಯಾನೇಜರರದು. ನಾಳೆ ಒಂಬತ್ತಕ್ಕೆ ಬನ್ನಿ ಎಂದಷ್ಟೇ ಇತ್ತು. ಅವಳು ಅದನ್ನು ಮೂರು ಸಲ ಓದಿದಳು. ಸಂತೋಷ ಬರಲಿಲ್ಲ. ಎದುರಿಗೆ ತಮ್ಮ ರಟ್ಟಿನಿಂದ ಚಿತ್ರಗಳನ್ನು ಬಿಡಿಸುತ್ತಿದ್ದ. ಹಸಿ ಅಂಟು ಬಿಡದೆ ಕಾಗದ ಅಲ್ಲಲ್ಲಿ ಹರಿಯುತ್ತಿತ್ತು.

ಇವನು ಸರಿ. ನಾಲ್ಕು ಸಾವಿರ ಜನರಲ್ಲಿ ಇವನೊಬ್ಬನೇ ಸರಿ. ಕೊನೆಯ ಕಂತು ಬಂದ ದಿನ ಎಲ್ಲರಿಗೂ ಅದು ಗೊತ್ತಾಗುತ್ತದೆ, ಕೈಗೆ ಸಿಕ್ಕಿದ್ದನ್ನು ತಾನೇ ಎಸೆದವನೆಂದು ಆಗಲೂ ಇವನನ್ನೇ ಆಡಿಕೊಳ್ಳುತ್ತಾರೆ. ಒಂದು ಮಾತು ಹೇಳಿದರೆ ಸಾಕು, ಕನಿಷ್ಠ ಈ ಕೋಣೆಯಲ್ಲಾದರೂ ಇವನು ತಲೆಯೆತ್ತಿ ಕೂರುತ್ತಾನೆ. ಕೇಳುವವರು ಯಾರೂ ಇಲ್ಲ. ಅವಳು ಬಾಯಿ ತೆರೆದಳು.

"ಅಕ್ಕಾ," ಎಂದು ತಮ್ಮ ಹರಿದ ಕಾಗದ ಹಿಡಿದ ಕೈಯನ್ನೇ ಅಡ್ಡ ಎತ್ತಿದ. "ಏನೂ ಹೇಳ್ಬೇಡ ಮಾರಾಯ್ತಿ. ನಾನಿನ್ನೂ ಆ ಕಂತು ನೋಡ್ಬೇಕು."